ಆದಿ ವಿಶ್ವದ ಧೂಳುಮುಸುಕಿದ ಗೆಲಾಕ್ಸಿಗಳು ಅಷ್ಟು ಬೇಗ ಅಷ್ಟು ದೊಡ್ಡದಾಗಿ ಬೆಳೆದದ್ದು ಹೇಗೆ?

ಬನವಾಸಿ ರಸ್ತೆ (ಶಿರಸಿ) ಕೇಳಿದ್ದು:

ನಾನು ಶಿರಸಿಯ ಸಮೀಪದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನಕ್ಷತ್ರಗಳ ಹುಟ್ಟು-ಸಾವಿನ ಪಾಠ ಮಾಡುವಾಗ, ಇಂಗಾಲ, ಸಿಲಿಕಾನ್‌, ಕಬ್ಬಿಣಗಳೆಲ್ಲ ನಕ್ಷತ್ರಗಳ ಒಡಲಿನಲ್ಲೇ ತಯಾರಾಗಿ, ಅವು ಸಾಯುವಾಗ ಧೂಳಾಗಿ ಹೊರಬೀಳುತ್ತವೆ ಎಂದು ಹೇಳಿದೆ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಮರುದಿನ ಪತ್ರಿಕೆಯ ತುಣುಕೊಂದನ್ನು ತಂದು ತೋರಿಸಿದಳು. ಮಹಾಸ್ಫೋಟವಾಗಿ 100 ಕೋಟಿ ವರ್ಷವೂ ತುಂಬದ ಕಾಲದಲ್ಲಿ, ನಮ್ಮ ಆಕಾಶಗಂಗೆಗಿಂತ ಸಾವಿರ ಪಟ್ಟು ವೇಗವಾಗಿ ನಕ್ಷತ್ರಗಳನ್ನು ಹುಟ್ಟಿಸುತ್ತಿದ್ದ, ಧೂಳಿನಲ್ಲಿ ಮುಳುಗಿದ ಗೆಲಾಕ್ಸಿಗಳಿದ್ದವು ಎಂದು ಅದರಲ್ಲಿತ್ತು. ‘ನಕ್ಷತ್ರ ಸತ್ತ ಮೇಲೆ ಧೂಳು ಎಂದಾದರೆ, ಅಷ್ಟು ಬೇಗ ಅಷ್ಟೊಂದು ನಕ್ಷತ್ರಗಳು ಹುಟ್ಟಿ ಸತ್ತದ್ದು ಯಾವಾಗ?’ ಎಂಬುದು ಅವಳ ಪ್ರಶ್ನೆ.

ಅದನ್ನು ಯೋಚಿಸುತ್ತ ಹೋದಂತೆ ನನಗೇ ಇನ್ನೆರಡು ಸಂದೇಹಗಳು ಹುಟ್ಟಿದವು. ಧೂಳು ಬೆಳಕನ್ನು ಮುಚ್ಚಿಬಿಡುತ್ತದೆ ಎಂದಾದರೆ, ಒಳಗೆ ವರ್ಷಕ್ಕೆ ಇಷ್ಟು ನಕ್ಷತ್ರಗಳು ಹುಟ್ಟುತ್ತಿವೆ ಎಂದು ಯಾವ ಆಧಾರದಿಂದ ಲೆಕ್ಕ ಹಾಕುತ್ತಾರೆ? ಜೇಮ್ಸ್ ವೆಬ್ ದೂರದರ್ಶಕ ಕಂಡ ಭಾರೀ ಗೆಲಾಕ್ಸಿಗಳಿಂದ ಮಹಾಸ್ಫೋಟ ಸಿದ್ಧಾಂತವೇ ಬಿದ್ದುಹೋಯಿತು ಎಂದು ಕೆಲವರು ಬರೆಯುತ್ತಾರಲ್ಲ, ಅದರಲ್ಲಿ ಹುರುಳಿದೆಯೇ? ಮಳೆ ಬಿಡುವ ಲಕ್ಷಣವಿಲ್ಲ, ಆಕಾಶ ನೋಡುವ ಮಾತು ದೂರವೇ ಉಳಿಯಿತು; ಓದಿಯಾದರೂ ತಿಳಿಯೋಣ ಎಂದು ಇಲ್ಲಿ ಕೇಳುತ್ತಿದ್ದೇನೆ.

ಕಾಳಿ ತೀರ (ಕಾರವಾರ) ಉತ್ತರಿಸಿದ್ದು:

ಅಕ್ಕೋರೇ, ನಿಮ್ಮ ಎರಡನೆಯ ಪ್ರಶ್ನೆಯಿಂದ ಹೊರಟರೆ ಉಳಿದವು ಸುಲಭವಾಗುತ್ತವೆ.

ಧೂಳು ಬೆಳಕನ್ನು ತಡೆಯುತ್ತದೆ, ಆದರೆ ಅದರ ಶಕ್ತಿಯನ್ನು ಇಲ್ಲವಾಗಿಸಲು ಅದರಿಂದ ಆಗುವುದಿಲ್ಲ. ಹೊಸದಾಗಿ ಹುಟ್ಟಿದ ಭಾರೀ ನಕ್ಷತ್ರಗಳು ಸೂಸುವ ಅತಿನೇರಳೆ ಕಿರಣಗಳನ್ನು ಹೀರಿಕೊಂಡ ಧೂಳಿನ ಕಣಗಳು ತುಸು ಬೆಚ್ಚಗಾಗುತ್ತವೆ. ಬೆಚ್ಚಗೆ ಎಂದರೂ ಅದು ಶೂನ್ಯಕ್ಕಿಂತ 235 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗಿನ ಮಾತು. ಅಷ್ಟು ತಣ್ಣಗಿನ ವಸ್ತುವೂ ಸುಮ್ಮನಿರುವುದಿಲ್ಲ. 100 ಮೈಕ್ರೋಮೀಟರಿನ ಆಸುಪಾಸಿನ ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಅಲೆಗಳಲ್ಲಿ ತಾನು ಪಡೆದ ಶಕ್ತಿಯನ್ನೆಲ್ಲ ಹೊರಚೆಲ್ಲುತ್ತದೆ. ಹಸಿ ಕಟ್ಟಿಗೆಯ ಹೊಗೆ ತುಂಬಿದ ಬಚ್ಚಲೊಲೆಯಲ್ಲಿ ಉರಿ ಕಣ್ಣಿಗೆ ಬೀಳದಿದ್ದರೂ, ಹಂಡೆಯ ನೀರು ಎಷ್ಟು ಹೊತ್ತಿಗೆ ಎಷ್ಟು ಬಿಸಿಯಾಯಿತು ಎಂಬುದನ್ನು ನೋಡಿ ಉರಿಯ ಅಂದಾಜು ಮಾಡುತ್ತೇವಲ್ಲ, ಇಲ್ಲಿಯ ಲೆಕ್ಕವೂ ಅದೇ ಜಾತಿಯದು. ಈ ಬೆಳಕಿನ ಬಹುಪಾಲು ಬರುವುದು ಕೆಲವೇ ದಶಲಕ್ಷ ವರ್ಷ ಬಾಳುವ ಭಾರೀ ನಕ್ಷತ್ರಗಳಿಂದ. ಆದ್ದರಿಂದ ಅವಕೆಂಪಿನ ಒಟ್ಟು ಹೊಳಪು ಎಂದರೆ ಈಚೆಗೆ ಎಷ್ಟು ನಕ್ಷತ್ರಗಳು ಹುಟ್ಟಿದವು ಎಂಬುದರ ಅಳತೆ. ಸ್ಥೂಲವಾಗಿ, 1,000 ಕೋಟಿ ಸೂರ್ಯರಷ್ಟು ಅವಕೆಂಪು ಹೊಳಪಿದ್ದರೆ ವರ್ಷಕ್ಕೆ ಒಂದು ಸೂರ್ಯನಷ್ಟು ರಾಶಿಯ ನಕ್ಷತ್ರಗಳು ಹುಟ್ಟುತ್ತಿವೆ ಎಂದು ಎಣಿಸುತ್ತಾರೆ. ನಮ್ಮ ಆಕಾಶಗಂಗೆಯ ದರ ವರ್ಷಕ್ಕೆ ಒಂದೆರಡು ಸೌರರಾಶಿ ಮಾತ್ರ.

ಇಂಥ ಗೆಲಾಕ್ಸಿಗಳು ಇವೆ ಎಂಬ ಸುಳಿವು 1983ರಲ್ಲಿ ಹಾರಿದ ಐರಾಸ್ ಉಪಗ್ರಹದಿಂದಲೇ ಸಿಕ್ಕಿತ್ತು. ಸುಮಾರು 25 ಕೋಟಿ ಜ್ಯೋತಿರ್ವರ್ಷ ದೂರದ ಆರ್ಪ್ 220 ಎಂಬ ಗೆಲಾಕ್ಸಿ, ಅವಕೆಂಪಿನಲ್ಲಿ ಒಂದು ಲಕ್ಷ ಕೋಟಿ ಸೂರ್ಯರಿಗಿಂತ ಹೆಚ್ಚು ಹೊಳೆಯುತ್ತದೆ; ಅದು ಎರಡು ಗೆಲಾಕ್ಸಿಗಳು ಡಿಕ್ಕಿಯಾಗಿ ಒಂದಾಗುತ್ತಿರುವ ಜಾಗ. ಆದರೆ ನಮ್ಮ ನೆರೆಹೊರೆಯಲ್ಲಿ ಅಂಥವು ತೀರ ವಿರಳ. 1996ರಲ್ಲಿ ಕೋಬೆ ಉಪಗ್ರಹದ ದತ್ತಾಂಶದಲ್ಲಿ ಇಡೀ ಆಕಾಶವನ್ನು ತುಂಬಿದ ಅವಕೆಂಪು ಹಿನ್ನೆಲೆಯೊಂದು ಪತ್ತೆಯಾಯಿತು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಎಲ್ಲ ಗೆಲಾಕ್ಸಿಗಳೂ ಸೇರಿ ಕೊಡುವ ಶಕ್ತಿ ಎಷ್ಟೋ, ಆ ಹಿನ್ನೆಲೆಯ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇತ್ತು. ವಿಶ್ವದಲ್ಲಿ ಈವರೆಗೆ ಹೊಮ್ಮಿದ ನಕ್ಷತ್ರಬೆಳಕಿನ ಸುಮಾರು ಅರ್ಧದಷ್ಟು ಧೂಳಿನ ಕೈದಾಟಿಯೇ ಬಂದಿದೆ ಎಂದಾಯಿತು. ಅಂದರೆ ಹಬಲ್ ದೂರದರ್ಶಕದ ಚಿತ್ರಗಳನ್ನು ಮಾತ್ರ ನೋಡಿ ಗೆಲಾಕ್ಸಿಗಳ ಚರಿತ್ರೆ ಬರೆಯಲು ಹೊರಟವರ ಕೈಗೆ ಸಿಕ್ಕಿದ್ದು ಅರ್ಧ ಕಡತ.

ಉಳಿದರ್ಧ ಬಿಚ್ಚತೊಡಗಿದ್ದು 1997-98ರಲ್ಲಿ. ಹವಾಯಿಯ ಮೌನಾ ಕೀ ಪರ್ವತದ ಮೇಲಿರುವ 15 ಮೀಟರ್ ವ್ಯಾಸದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ದೂರದರ್ಶಕಕ್ಕೆ ಸ್ಕೂಬಾ ಎಂಬ ಕ್ಯಾಮೆರಾ ಜೋಡಿಸಿ, 850 ಮೈಕ್ರೋಮೀಟರ್ ಅಲೆಯುದ್ದದಲ್ಲಿ ಆಕಾಶವನ್ನು ನೋಡಿದಾಗ ಈ ಗೆಲಾಕ್ಸಿಗಳು ಕಂಡವು. ಇಲ್ಲಿ ನಿಸರ್ಗ ಮಾಡಿಕೊಟ್ಟ ಒಂದು ಅನುಕೂಲ ನನಗೆ ಈಗಲೂ ಸೋಜಿಗವೇ. ಸಾಮಾನ್ಯವಾಗಿ ದೂರ ಹೋದಷ್ಟೂ ವಸ್ತು ಮಂಕಾಗುತ್ತದೆ. ಆದರೆ ವಿಶ್ವದ ಹಿಗ್ಗುವಿಕೆಯಿಂದ ಬೆಳಕಿನ ಅಲೆಗಳೂ ಹಿಗ್ಗುತ್ತವಾದ್ದರಿಂದ, ಗೆಲಾಕ್ಸಿ ಎಷ್ಟು ದೂರದಲ್ಲಿದೆಯೋ ಅದರ ಧೂಳಿನ ಬೆಳಕಿನ ಅತಿ ಪ್ರಖರ ಭಾಗ 850 ಮೈಕ್ರೋಮೀಟರಿನತ್ತ ಅಷ್ಟೇ ಹತ್ತಿರ ಸರಿಯುತ್ತದೆ. ಒಂದು ಕಡೆಯ ನಷ್ಟವನ್ನು ಇನ್ನೊಂದು ಕಡೆಯ ಲಾಭ ತುಂಬಿಕೊಟ್ಟು, ಕೆಂಪು ಪಲ್ಲಟ (ಅಲೆಗಳು ಎಷ್ಟು ಹಿಗ್ಗಿವೆ ಎಂಬುದರ ಅಳತೆ; ಹೆಚ್ಚಿದಷ್ಟೂ ದೂರ) 1ರಿಂದ ಸುಮಾರು 8ರವರೆಗೂ ಒಂದೇ ಬಗೆಯ ಗೆಲಾಕ್ಸಿ ಸರಿಸುಮಾರು ಅಷ್ಟೇ ಹೊಳಪಿನಿಂದ ಕಾಣುತ್ತದೆ.

ಆದರೆ ಕಂಡದ್ದು ಎಷ್ಟು ದೂರದಲ್ಲಿದೆ ಎಂಬುದು ಮಾತ್ರ ಅದರಿಂದ ತಿಳಿಯುವುದಿಲ್ಲ. ಹಬಲ್ ಆಳವಾಗಿ ಚಿತ್ರಿಸಿದ್ದ ಆಕಾಶದ ತುಣುಕಿನಲ್ಲಿ 1998ರಲ್ಲಿ ಸ್ಕೂಬಾ ಕಂಡ ಅತಿ ಪ್ರಖರ ಬಿಂದುವಿನ ಹೆಸರು ಎಚ್‌ಡಿಎಫ್ 850.1. ಸ್ಕೂಬಾದ ನೋಟ ಎಷ್ಟು ಮಸುಕೆಂದರೆ ಆ ಒಂದು ಬಿಂದುವಿನೊಳಗೆ ಹಬಲ್ ಚಿತ್ರದ ಅನೇಕ ಗೆಲಾಕ್ಸಿಗಳು ಹಿಡಿಯುತ್ತಿದ್ದವು. ಇದೋ ಅದೋ ಎಂದು ವರ್ಷಗಟ್ಟಲೆ ವಾದ ನಡೆಯಿತು. 2012ರಲ್ಲಿ ಇಂಗಾಲದ ಮಾನಾಕ್ಸೈಡ್ ಮತ್ತು ಅಯಾನೀಕೃತ ಇಂಗಾಲದ ರೋಹಿತರೇಖೆಗಳು (ಬೆಳಕನ್ನು ಅಲೆಯುದ್ದಗಳಾಗಿ ಬಿಡಿಸಿದಾಗ, ಅಂದರೆ ರೋಹಿತ ತೆಗೆದಾಗ, ಕಾಣುವ ಗುರುತಿನ ಗೆರೆಗಳು) ಸಿಕ್ಕಿ, ಕೆಂಪು ಪಲ್ಲಟ 5.18 ಎಂದು ಖಚಿತವಾಯಿತು. ಮಹಾಸ್ಫೋಟದ ನಂತರ ಸುಮಾರು 110 ಕೋಟಿ ವರ್ಷದ ಕಾಲ ಅದು. ಆ ಜಾಗದಲ್ಲಿ ಹಬಲ್‌ಗೆ ಏನೂ ಕಂಡಿರಲಿಲ್ಲ. ಕಂಡು 14 ವರ್ಷಗಳ ಮೇಲೆ ಅದರ ವಿಳಾಸ ಸಿಕ್ಕಂತಾಯಿತು.

ಅಷ್ಟೊಂದು ನಕ್ಷತ್ರಗಳು ಒಮ್ಮೆಲೇ ಹುಟ್ಟಲು ಕಾರಣ, ಆರ್ಪ್ 220ರಲ್ಲಿ ನಡೆದಂತೆ, ಅನಿಲ ತುಂಬಿದ ಎರಡು ಗೆಲಾಕ್ಸಿಗಳ ಡಿಕ್ಕಿ ಎಂಬುದು ನನ್ನ ತಿಳಿವಳಿಕೆ.

ಅಘನಾಶಿನಿ (ಕುಮಟಾ) ಉತ್ತರಿಸಿದ್ದು:

ಕಾಳಿ ತೀರದವರು ಬರೆದ ಕೊನೆಯ ಸಾಲಿಗೆ ನನ್ನ ಒಪ್ಪಿಗೆ ಅರ್ಧ ಮಾತ್ರ. ಇಂದಿನ ವಿಶ್ವದಲ್ಲಿ ಅಂಥ ಉರಿ ಹೊತ್ತಲು ಡಿಕ್ಕಿ ಬೇಕು, ಏಕೆಂದರೆ ಇಂದಿನ ಗೆಲಾಕ್ಸಿಗಳಲ್ಲಿ ಅನಿಲ ಕಡಿಮೆ. ಆದಿಯ ಗೆಲಾಕ್ಸಿಗಳ ಕಥೆ ಬೇರೆ. ಅವುಗಳ ಸಾಮಾನ್ಯ ದ್ರವ್ಯದ ಅರ್ಧ ಅಥವಾ ಅದಕ್ಕೂ ಹೆಚ್ಚು ಪಾಲು ಅನಿಲವೇ ಆಗಿರುತ್ತಿತ್ತು, ಜೊತೆಗೆ ಕಪ್ಪು ದ್ರವ್ಯದ (ಕಾಣದಿದ್ದರೂ ಗುರುತ್ವದಿಂದ ಎಳೆಯುವ ದ್ರವ್ಯದ) ಎಳೆಗಳ ಗುಂಟ ಹೊರಗಿನಿಂದ ತಣ್ಣನೆಯ ಅನಿಲ ಸತತವಾಗಿ ಸುರಿಯುತ್ತಲೂ ಇತ್ತು. ಡಿಕ್ಕಿಯಿಲ್ಲದೆಯೂ ಅಲ್ಲಿ ವರ್ಷಕ್ಕೆ ನೂರಾರು ಸೌರರಾಶಿ ಹುಟ್ಟಬಲ್ಲದು. ಚಿಲಿಯ ಅಟಕಾಮಾ ಮರುಭೂಮಿಯಲ್ಲಿ 5,000 ಮೀಟರ್ ಎತ್ತರದಲ್ಲಿ 66 ತಟ್ಟೆಗಳನ್ನು ಜೋಡಿಸಿ ಕಟ್ಟಿರುವ ಆಲ್ಮಾ ದೂರದರ್ಶಕ ಈ ಗೆಲಾಕ್ಸಿಗಳ ಒಳಗನ್ನು ಬಿಡಿಸಿ ನೋಡಿದಾಗ, ಕಲಸಿಹೋದ ಅವಶೇಷಗಳ ಬದಲು ಅಚ್ಚುಕಟ್ಟಾಗಿ ಸುತ್ತುವ ತಟ್ಟೆಗಳೂ ಕಂಡಿವೆ. ಎಸ್‌ಪಿಟಿ 0418-47 ಎಂಬುದು ಅಂಥದ್ದು. ಮಹಾಸ್ಫೋಟದ ನಂತರ 140 ಕೋಟಿ ವರ್ಷದ ಕಾಲದ ಆ ಗೆಲಾಕ್ಸಿಯ ಬೆಳಕು, ನಡುವಿನ ಇನ್ನೊಂದು ಗೆಲಾಕ್ಸಿಯ ಗುರುತ್ವಮಸೂರದ (ಗುರುತ್ವವೇ ಮಸೂರದಂತೆ ಬೆಳಕನ್ನು ಬಾಗಿಸುವುದರ) ಮೂಲಕ ಹಾದು ಬರುವುದರಿಂದ ನಮಗೆ ಉಂಗುರದಂತೆ ಕಾಣುತ್ತದೆ. ಬಿಡಿಸಿ ಲೆಕ್ಕ ಹಾಕಿದರೆ ಒಳಗಿರುವುದು ಶಾಂತವಾಗಿ ತಿರುಗುವ ತಟ್ಟೆ. ಇನ್ನೊಂದು ತುದಿಯಲ್ಲಿ ಎಸ್‌ಪಿಟಿ 2349-56 ಇದೆ. ಅಲ್ಲಿ ಸುಮಾರು ನಾಲ್ಕು ಲಕ್ಷ ಜ್ಯೋತಿರ್ವರ್ಷದೊಳಗೆ 14 ಗೆಲಾಕ್ಸಿಗಳು ಒತ್ತೊತ್ತಾಗಿ ಸೇರಿ ಉರಿಯುತ್ತಿವೆ. ಡಿಕ್ಕಿಯೂ ಉಂಟು, ಹರಿದುಬರುವ ಅನಿಲವೂ ಉಂಟು. ಯಾವುದರ ಪಾಲು ಎಷ್ಟು ಎಂಬಲ್ಲಿ ಮಾತ್ರ ಪರಿಣತರಲ್ಲಿ ಒಮ್ಮತವಿಲ್ಲ.

ಈಗ ‘ಅಷ್ಟು ಬೇಗ ಅಷ್ಟು ದೊಡ್ಡದು’ ಎಂಬ ಮಾತು. ಎಸ್‌ಪಿಟಿ 0311-58 ಎಂಬುದು ಮಹಾಸ್ಫೋಟವಾಗಿ 78 ಕೋಟಿ ವರ್ಷವಾದಾಗಿನ ಜೋಡಿ ಗೆಲಾಕ್ಸಿ. ಎರಡರಲ್ಲಿ ದೊಡ್ಡದರಲ್ಲಿ ವರ್ಷಕ್ಕೆ ಸುಮಾರು 2,900 ಸೌರರಾಶಿಯ ನಕ್ಷತ್ರಗಳು ಹುಟ್ಟುತ್ತಿದ್ದವು, ಮತ್ತು ಅದರ ಬಳಿ ಸುಮಾರು 27,000 ಕೋಟಿ ಸೌರರಾಶಿಯ ಅನಿಲವಿತ್ತು ಎಂದು 2018ರಲ್ಲಿ ಪ್ರಕಟವಾದ ಅಳತೆ ಹೇಳುತ್ತದೆ. ಭಾಗಿಸಿ ನೋಡಿ: ಹೊಸ ಅನಿಲ ಬರದಿದ್ದರೆ ಒಂಬತ್ತು ಕೋಟಿ ಚಿಲ್ಲರೆ ವರ್ಷಗಳಲ್ಲಿ ಎಲ್ಲವೂ ಖರ್ಚು. ವಿಶ್ವದ ಲೆಕ್ಕದಲ್ಲಿ ಇದು ಅತ್ಯಲ್ಪ ಅವಧಿ. ಹಾಗಾದರೆ ಉರಿ ನಂದಿದ ಮೇಲೆ ಉಳಿಯುವುದು ಏನು? ನಕ್ಷತ್ರಗಳಿಂದ ತುಂಬಿದ, ಹೊಸದಾಗಿ ಏನನ್ನೂ ಹುಟ್ಟಿಸದ ಒಂದು ಭಾರೀ ಗೆಲಾಕ್ಸಿ. ಅಂಥವು ನಿಜವಾಗಿಯೂ ಇವೆ. ವೆಬ್ ದೂರದರ್ಶಕ ರೋಹಿತ ತೆಗೆದ ಜಿಎಸ್-9209 ಎಂಬ ಗೆಲಾಕ್ಸಿಯನ್ನು ನಾವು ಮಹಾಸ್ಫೋಟದ ನಂತರದ 125 ಕೋಟಿ ವರ್ಷದಲ್ಲಿ ನೋಡುತ್ತಿದ್ದೇವೆ. ಆಗಲೇ ಅದು ನಕ್ಷತ್ರ ಹುಟ್ಟಿಸುವುದನ್ನು ನಿಲ್ಲಿಸಿ 40 ಕೋಟಿ ವರ್ಷ ದಾಟಿತ್ತು. ಅದರ ಸುಮಾರು 4,000 ಕೋಟಿ ಸೌರರಾಶಿಯಷ್ಟು ನಕ್ಷತ್ರಗಳು 20 ಕೋಟಿ ವರ್ಷದ ಅವಧಿಯಲ್ಲೇ ಹುಟ್ಟಿ ಮುಗಿದಿದ್ದವು. ಸರಾಸರಿ ತೆಗೆದರೆ ವರ್ಷಕ್ಕೆ 200 ಸೌರರಾಶಿ. ಧೂಳುಮುಸುಕಿದ ಗೆಲಾಕ್ಸಿಗಳಿಗೆ ಈ ದರ ಸಾಮಾನ್ಯ. ಒಂದು ಕಡೆ ಉರಿಯುತ್ತಿರುವವು, ಇನ್ನೊಂದು ಕಡೆ ಆರಿದವು. ಇವು ಒಂದೇ ವಂಶದ ಹಿಂದಿನ-ಮುಂದಿನ ಅವಸ್ಥೆಗಳು ಎಂಬುದು ಈ ಕ್ಷೇತ್ರದ ಮುಖ್ಯ ತರ್ಕ. ನನ್ನ ಮಟ್ಟಿಗೆ ಇದು ಬಲವಾದ ತರ್ಕವೇ. ಉರಿಯನ್ನು ಆರಿಸಿದ್ದು ಯಾವುದು ಎಂಬಲ್ಲಿ ಮಾತ್ರ ನಡುವಿನ ಭಾರೀ ಕಪ್ಪುಕುಳಿಯ ಮೇಲೆ ಅನುಮಾನವಿದೆ. ಜಿಎಸ್-9209ರಲ್ಲಿಯೂ ಅಂಥ ಕಪ್ಪುಕುಳಿಯ ಗುರುತು ಸಿಕ್ಕಿದೆ.

ಮಹಾಸ್ಫೋಟ ಬಿದ್ದುಹೋಯಿತು ಎಂಬುದನ್ನು ಮಕ್ಕಳ ಮುಂದೆ ಹೇಳಬೇಡಿ, ಅಕ್ಕೋರೇ. 2023ರ ಫೆಬ್ರವರಿಯಲ್ಲಿ ಪ್ರಕಟವಾದ ಲೇಖನವೊಂದು, ಮಹಾಸ್ಫೋಟದ ನಂತರದ 50-70 ಕೋಟಿ ವರ್ಷಗಳಲ್ಲೇ ಕೆಲವು ಗೆಲಾಕ್ಸಿಗಳು 10,000 ಕೋಟಿ ಸೌರರಾಶಿಯವರೆಗೆ ಬೆಳೆದಿರಬಹುದು ಎಂದಿತು. ಅದು ಬಣ್ಣಗಳನ್ನು ನೋಡಿ ಮಾಡಿದ ಅಂದಾಜು. ಅವುಗಳಲ್ಲೊಂದರ ರೋಹಿತ ತೆಗೆದಾಗ ಅದು ಭಾವಿಸಿದ್ದಕ್ಕಿಂತ ಸಾಕಷ್ಟು ಹತ್ತಿರದ್ದೆಂದೂ, ಅದರ ಬೆಳಕಿನಲ್ಲಿ ಬೆಳೆಯುತ್ತಿರುವ ಕಪ್ಪುಕುಳಿಯ ಪಾಲೂ ಇದೆಯೆಂದೂ ತಿಳಿಯಿತು. ಇನ್ನೂ ಸ್ವಾರಸ್ಯದ್ದು ಸೀರ್ಸ್-93316. ಬಣ್ಣ ನೋಡಿ ಅದರ ಕೆಂಪು ಪಲ್ಲಟ 16 ಎಂದು, ಅಂದರೆ ಮಹಾಸ್ಫೋಟವಾಗಿ ಬರೀ 25 ಕೋಟಿ ವರ್ಷದ ಕಾಲದ್ದೆಂದು ಲೆಕ್ಕ ಹಾಕಿದ್ದರು. ರೋಹಿತ ಬಂದಾಗ ಅದು 4.9! ಧೂಳಿನಿಂದ ಕೆಂಪಾದ ಗೆಲಾಕ್ಸಿಯ ಪ್ರಬಲ ರೋಹಿತರೇಖೆಗಳು ಕ್ಯಾಮೆರಾದ ಆಯಾ ಬಣ್ಣಶೋಧಕಗಳಲ್ಲಿ (ಫಿಲ್ಟರ್) ಸರಿಯಾಗಿ ಕುಳಿತು, ಅತಿ ದೂರದ ಗೆಲಾಕ್ಸಿಯ ವೇಷ ಹಾಕಿದ್ದವು. ಆದ್ದರಿಂದ ಪತ್ರಿಕೆಯ ತಲೆಬರಹದಲ್ಲಿ ದೊಡ್ಡ ಸಂಖ್ಯೆ ಕಂಡಾಗಲೆಲ್ಲ ರೋಹಿತ ತೆಗೆದಿದ್ದಾರೆಯೇ ಎಂದು ಮೊದಲು ಕೇಳುವುದು ಒಳ್ಳೆಯದು. ರೋಹಿತದಿಂದ ಖಚಿತವಾದ ಭಾರೀ ಗೆಲಾಕ್ಸಿಗಳೂ ನಿರೀಕ್ಷೆಗಿಂತ ಬೇಗ ಬೆಳೆದಿವೆ ಎಂಬುದು ನಿಜ. ಆದರೆ ಅದು ಕೈಗೆ ಸಿಕ್ಕ ಅನಿಲವನ್ನು ಗೆಲಾಕ್ಸಿ ಎಷ್ಟು ದಕ್ಷವಾಗಿ ನಕ್ಷತ್ರಗಳಾಗಿ ಮಾರ್ಪಡಿಸುತ್ತದೆ ಎಂಬ ಪ್ರಶ್ನೆ. ವಿಶ್ವ ಹಿಗ್ಗುತ್ತಿದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಅದು ತಾಗುವುದೇ ಇಲ್ಲ.

ಬನವಾಸಿ ರಸ್ತೆ (ಶಿರಸಿ):

ಇಬ್ಬರಿಗೂ ಧನ್ಯವಾದಗಳು. ನನ್ನ ಎರಡು ಸಂದೇಹಗಳು ತೀರಿದವು, ಆದರೆ ಹುಡುಗಿಯ ಪ್ರಶ್ನೆ ಇನ್ನೂ ಉಳಿದಿದೆ: ಧೂಳು ಬಂದದ್ದು ಎಲ್ಲಿಂದ? ಹಾಗೆಯೇ, ಮಕ್ಕಳಿಗೆ ಇದನ್ನು ಯಾವ ರೂಪದಲ್ಲಾದರೂ ಇಲ್ಲಿಂದ ತೋರಿಸಲು ಸಾಧ್ಯವೇ? ನಮ್ಮ ಶಾಲೆಯಲ್ಲಿ ಆರು ಇಂಚಿನ ಪ್ರತಿಫಲನ ದೂರದರ್ಶಕವಿದೆ.

ಕಾಳಿ ತೀರ (ಕಾರವಾರ):

ಡಿಕ್ಕಿಯ ವಿಷಯದಲ್ಲಿ ಕುಮಟಾದವರ ತಿದ್ದುಪಡಿಯನ್ನು ಒಪ್ಪುತ್ತೇನೆ. ಧೂಳಿನ ಲೆಕ್ಕವನ್ನು ಕರಿಹಲಗೆಯ ಮೇಲೆಯೇ ಮಾಡಿ ತೋರಿಸಬಹುದು.

ಇಂದು ನಮ್ಮ ಆಕಾಶಗಂಗೆಯಲ್ಲಿ ಧೂಳಿನ ದೊಡ್ಡ ಪಾಲು ಬರುವುದು ಸೂರ್ಯನಂಥ ಮತ್ತು ಅದಕ್ಕಿಂತ ಕೆಲವು ಪಟ್ಟು ಭಾರದ ನಕ್ಷತ್ರಗಳು ಮುಪ್ಪಿನಲ್ಲಿ ಉಬ್ಬಿ ಹೊರಪದರಗಳನ್ನು ಕಳಚುವುದರಿಂದ. ಸೂರ್ಯನಂಥದ್ದಕ್ಕೆ ಆ ಮುಪ್ಪು ಬರಲು 1,000 ಕೋಟಿ ವರ್ಷ ಬೇಕು. ಹುಡುಗಿಯ ಆಕ್ಷೇಪ ಇಲ್ಲಿ ನೂರಕ್ಕೆ ನೂರು ಸರಿ. ಆದರೆ ಸೂರ್ಯನ ಎಂಟು ಪಟ್ಟಿಗಿಂತ ಭಾರವಾದ ನಕ್ಷತ್ರಗಳು ಹುಟ್ಟಿದ ಮೂರು-ನಾಲ್ಕು ಕೋಟಿ ವರ್ಷಗಳೊಳಗೇ ಸೂಪರ್‌ನೋವಾ ಆಗಿ ಸಿಡಿಯುತ್ತವೆ. 78 ಕೋಟಿ ವರ್ಷದೊಳಗೆ ಅಂಥ ಎಷ್ಟೋ ತಲೆಮಾರುಗಳು ಆಗಿಹೋಗಬಹುದು. 1987ರಲ್ಲಿ ನಮ್ಮ ಪಕ್ಕದ ದೊಡ್ಡ ಮೆಗೆಲಾನಿಕ್ ಮೋಡದಲ್ಲಿ ಸಿಡಿದ ಸೂಪರ್‌ನೋವಾದ ಅವಶೇಷವನ್ನು ಹರ್ಷೆಲ್ ಉಪಗ್ರಹ 2011ರ ಹೊತ್ತಿಗೆ ನೋಡಿದಾಗ, ಅಲ್ಲಿ ಸುಮಾರು ಅರ್ಧ ಸೌರರಾಶಿಯಷ್ಟು ಧೂಳು ಇರುವುದು ಕಂಡಿತು. ಅದು ಹೊಸದಾಗಿ ಅಲ್ಲಿಯೇ ಹೆಪ್ಪುಗಟ್ಟಿದ್ದೆಂದು ಆಲ್ಮಾ ಆಮೇಲೆ ಖಚಿತಪಡಿಸಿತು. 100 ಸೌರರಾಶಿಯ ನಕ್ಷತ್ರಗಳು ಹುಟ್ಟಿದರೆ ಅವುಗಳಲ್ಲಿ ಸುಮಾರು ಒಂದು ಸೂಪರ್‌ನೋವಾ ಆಗುತ್ತದೆ ಎಂದು ಇಟ್ಟುಕೊಂಡರೆ, 10,000 ಕೋಟಿ ಸೌರರಾಶಿಗೆ 100 ಕೋಟಿ ಸೂಪರ್‌ನೋವಾಗಳು, ಅವುಗಳಿಂದ 50 ಕೋಟಿ ಸೌರರಾಶಿಯ ಧೂಳು.

ಇದು ಗರಿಷ್ಠ ಲೆಕ್ಕ. ಸಿಡಿತದ ಆಘಾತದ ಅಲೆ ಹಿಂದಕ್ಕೆ ಮರಳಿ ಬರುವಾಗ ತಾನೇ ಹುಟ್ಟಿಸಿದ ಧೂಳಿನ ಒಂದು ಭಾಗವನ್ನು ಪುಡಿಮಾಡುತ್ತದೆ. ಹಾಗಾಗಿ, ಉಳಿದ ಕಣಗಳು ದಟ್ಟವಾದ ತಣ್ಣನೆಯ ಅನಿಲದೊಳಗೆ ಸುತ್ತಲಿನ ಇಂಗಾಲ, ಸಿಲಿಕಾನ್ ಪರಮಾಣುಗಳನ್ನು ಮೈಗೆ ಅಂಟಿಸಿಕೊಂಡು ಬೆಳೆಯುತ್ತವೆ ಎಂಬ ವಿವರಣೆಯನ್ನೂ ಸೇರಿಸಿಕೊಳ್ಳುತ್ತಾರೆ. ಮೇಲೆ ಹೇಳಿದ 0311-58ರಲ್ಲಿ ಧೂಳಿನ ಅಂದಾಜು 250 ಕೋಟಿ ಸೌರರಾಶಿಯ ಸುತ್ತಮುತ್ತ ಇದೆ. ಆ ಅಂದಾಜಿನ ಅನಿಶ್ಚಿತತೆ ದೊಡ್ಡದು, ಆದರೂ ಸೂಪರ್‌ನೋವಾ ಒಂದರಿಂದಲೇ ಅಷ್ಟನ್ನು ಒದಗಿಸುವುದು ಕಷ್ಟ ಎಂಬುದು ಕಾಣುತ್ತದೆ.

ಇನ್ನೊಂದು ತೊಡಕನ್ನೂ ಹೇಳಿಬಿಡುತ್ತೇನೆ. ಈ ಲೆಕ್ಕಗಳೆಲ್ಲ, ಅಲ್ಲಿ ಹುಟ್ಟುವ ಭಾರೀ ಮತ್ತು ಹಗುರ ನಕ್ಷತ್ರಗಳ ಅನುಪಾತ ನಮ್ಮಲ್ಲಿಯಂತೆಯೇ ಇದೆ ಎಂಬ ಊಹೆಯ ಮೇಲೆ ನಿಂತಿವೆ. ಇಂಗಾಲ ಮತ್ತು ಆಮ್ಲಜನಕದ ಐಸೋಟೋಪುಗಳನ್ನು ಆಲ್ಮಾದಿಂದ ಅಳೆದ 2018ರ ಅಧ್ಯಯನವೊಂದು, ಇಂಥ ಗೆಲಾಕ್ಸಿಗಳಲ್ಲಿ ಭಾರೀ ನಕ್ಷತ್ರಗಳ ಪಾಲು ಹೆಚ್ಚೆಂದು ಸೂಚಿಸಿದೆ. ಅದು ನಿಜವಾದರೆ ಧೂಳಿನ ಕೊರತೆ ತಗ್ಗುತ್ತದೆ, ವರ್ಷಕ್ಕೆ ಸಾವಿರ ಸೌರರಾಶಿ ಎಂಬ ದರವೂ ಇಳಿಯುತ್ತದೆ.

ಸೋಂದಾ ಕೆರೆ (ಶಿರಸಿ):

ತೋರಿಸುವ ವಿಷಯಕ್ಕೆ ನಾನು ಬರೆಯುತ್ತೇನೆ. ಉಪಮಿಲಿಮೀಟರ್ ಅಲೆಗಳಿಗೆ (ಮಿಲಿಮೀಟರಿಗಿಂತ ಚಿಕ್ಕ, ಸ್ಕೂಬಾ ನೋಡಿದಂಥವು) ನಮ್ಮ ಜಿಲ್ಲೆಯಷ್ಟು ಪ್ರತಿಕೂಲವಾದ ಜಾಗ ಸಿಗುವುದು ಕಷ್ಟ. ಗಾಳಿಯಲ್ಲಿರುವ ನೀರಾವಿ ಆ ಅಲೆಗಳನ್ನು ನುಂಗಿಬಿಡುತ್ತದೆ. ತಲೆಯ ಮೇಲಿನ ನೀರಾವಿಯನ್ನೆಲ್ಲ ಇಳಿಸಿ ನೀರಾಗಿಸಿದರೆ ಆಲ್ಮಾ ಇರುವಲ್ಲಿ ಒಳ್ಳೆಯ ರಾತ್ರಿಗಳಲ್ಲಿ ಅದು ಒಂದು ಮಿಲಿಮೀಟರಿಗಿಂತ ಕಡಿಮೆ, ಮಳೆಗಾಲದ ಕಾರವಾರದಲ್ಲಿ 50 ಮಿಲಿಮೀಟರನ್ನು ದಾಟುತ್ತದೆ. ಆ ದೂರದ ಗೆಲಾಕ್ಸಿಗಳ ಆಸೆ ಬಿಡಿ.

ಆದರೆ ಅವುಗಳ ಬಡ ನೆಂಟನೊಂದು ನಿಮ್ಮ ಆರು ಇಂಚಿನಲ್ಲೇ ಕಾಣುತ್ತದೆ. ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ, ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ ಎಂ82. ಧೂಳಿನ ಒಳಗೆ ವರ್ಷಕ್ಕೆ ಸುಮಾರು 10 ಸೌರರಾಶಿಯಷ್ಟು ನಕ್ಷತ್ರಗಳನ್ನು ಹುಟ್ಟಿಸುತ್ತಿದೆ, ಅದೂ ಆಕಾಶಗಂಗೆಗಿಂತ ಬಹಳ ಚಿಕ್ಕ ಮೈಯಲ್ಲಿ. ನೆರೆಯ ಎಂ81ರ ಗುರುತ್ವದ ಜಗ್ಗಾಟ ಅದನ್ನು ಕೆರಳಿಸಿದೆ. ಮಾರ್ಚ್-ಏಪ್ರಿಲ್‌ನಲ್ಲಿ ರಾತ್ರಿ ಒಂಬತ್ತು-ಹತ್ತರ ಹೊತ್ತಿಗೆ ಶಿರಸಿಯಿಂದ ಉತ್ತರಕ್ಕೆ ಸುಮಾರು 35 ಡಿಗ್ರಿ ಎತ್ತರದಲ್ಲಿರುತ್ತದೆ. ಉತ್ತರಕ್ಕೆ ಅಡಿಕೆ ತೋಟವಾಗಲಿ ಗುಡ್ಡವಾಗಲಿ ಅಡ್ಡವಿಲ್ಲದ ಬಯಲು ಹುಡುಕಿಕೊಳ್ಳಿ, ಹುಣ್ಣಿಮೆಯ ಆಸುಪಾಸು ಬೇಡ. ಕಡಿಮೆ ವರ್ಧನೆಯ ಕಣ್ಣುಮಸೂರ ಹಾಕಿದರೆ ಎಂ81 ಮತ್ತು ಎಂ82 ಒಂದೇ ನೋಟದಲ್ಲಿ ಸಿಗುತ್ತವೆ. ಎಂ81 ಉರುಟು ಮಸುಕು, ಎಂ82 ಉದ್ದನೆಯ ಗೀಟು. ಎಂ82ರ ಮೇಲೆ ವರ್ಧನೆ ಹೆಚ್ಚಿಸಿ ಸ್ವಲ್ಪ ಹೊತ್ತು ಕಣ್ಣು ಪಳಗಿಸಿದರೆ ಅದರ ನಡುವೆ ಅಡ್ಡಲಾಗಿ ಕಪ್ಪು ಸೀಳೊಂದು ಕಾಣುತ್ತದೆ. ಅದೇ ಧೂಳು. ಎಲ್ಲ ಮಕ್ಕಳಿಗೂ ಮೊದಲ ಸಲಕ್ಕೇ ಅದು ಕಾಣಲಿಕ್ಕಿಲ್ಲ.

ತರಗತಿಯಲ್ಲಿ ಹೇಳಲು ಇನ್ನೊಂದು ಸಂಗತಿ ಇದೆ. 2014ರ ಜನವರಿ 21ರಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ 35 ಸೆಂಟಿಮೀಟರಿನ ದೂರದರ್ಶಕವನ್ನು ಬಳಸುವ ಪಾಠ ನಡೆದಿತ್ತು. ಮೋಡ ಕವಿಯತೊಡಗಿತೆಂದು ಬೋಧಕರು ಅದನ್ನು ಎಂ82ರತ್ತ ತಿರುಗಿಸಿದಾಗ ಅಲ್ಲಿ ಹಿಂದೆ ಇರದಿದ್ದ ಚುಕ್ಕೆಯೊಂದು ಕಂಡಿತು. ಅದು ಸೂಪರ್‌ನೋವಾ 2014ಜೆ. ಅದರ ಬೆಳಕು ಆ ಗೆಲಾಕ್ಸಿಯ ಧೂಳನ್ನು ಹಾದು ಬಂದಿದ್ದರಿಂದ ಇರಬೇಕಾದದ್ದಕ್ಕಿಂತ ಬಹಳ ಕೆಂಪಾಗಿತ್ತು, ಮತ್ತು ಎಷ್ಟು ಕೆಂಪಾಗಿದೆ ಎಂಬುದರಿಂದಲೇ ನಡುವಿನ ಧೂಳಿನ ಗುಣವನ್ನು ಅಳೆದರು. ಹುಡುಗಿಗೆ ಆಸಕ್ತಿ ಇದ್ದರೆ ಆ ಮೊದಲ ಚಿತ್ರಗಳನ್ನೇ ಅಂತರ್ಜಾಲದಲ್ಲಿ ಹುಡುಕಿ ತೋರಿಸಿ. ಮಾರ್ಚ್‌ವರೆಗೆ ಮಾಡಲು ಅಷ್ಟು ಕೆಲಸ ಸಾಕು.